ರಫೂ

ಮೀನು ಮಾರ್ಕೆಟ್ಟಿನ ಕೊನೆ ಸಾಲಿನಲ್ಲಿ ದುಗ್ಗಮ್ಮ
ಭಟ್ಕಳದ ಉಪ್ಪುಮೀನಿನ ಚೀಲ ಬಿಚ್ಚಿ ಬೈದಳು:
"ಥೂ, ಮತ್ತೆ ಕೆಂಪು ಹಿಡಿದೈತೆ."
ಕೆಟ್ಟದ್ದನ್ನೇ ಕೊಡು ಎಂದೆ. ದುಡ್ಡು ಮುಟ್ಟಲಿಲ್ಲ,
ನನ್ನ ತಲೆ ನೆಟ್ಟಗಿದೆಯೇ ಎಂದು ಮಾತ್ರ ನೋಡಿದಳು.

ಆ ಕೆಂಪು ಉಪ್ಪನ್ನೇ ಊರು ಮಾಡಿಕೊಂಡ ಜೀವ.
ಬ್ಯಾಕ್ಟೀರಿಯಾದ ಹಾಗೆ ಕಂಡರೂ
ವಂಶಾವಳಿ ಬಿಡಿಸಿದರೆ ನಮಗೇ ಹತ್ತಿರ: ಆರ್ಕಿಯಾ.
ಶಂಕರಘಟ್ಟದ ಬಸ್ಸಿನಲ್ಲಿ ಡಬ್ಬಿ ನನ್ನ ಮಡಿಲಲ್ಲಿ,
ಪಕ್ಕದ ಸೀಟು ಭದ್ರಾವತಿ ದಾಟಿದರೂ ಖಾಲಿ.

ಉಪ್ಪಿನ ಗದ್ದೆಯ ಬಿಸಿಲು
ಅವುಗಳ ಡಿಎನ್‌ಎಯನ್ನು ದಿನವೂ ತುಂಡರಿಸುತ್ತದೆ.
ಒಂದೇ ಕೋಶದೊಳಗೆ ಒಂದೇ ಬರಹದ ಇಪ್ಪತ್ತು ಪ್ರತಿ;
ಒಂದರಲ್ಲಿ ಹರಿದ ಸಾಲು ಇನ್ನೊಂದರಲ್ಲಿ ಇದ್ದೀತು.
ರಾಡ್-ಎ ಎಂಬ ಪ್ರೋಟೀನು ಎಳೆಯ ತುದಿ ಹಿಡಿದು
ಕತ್ತಲಲ್ಲಿ ಜೋಡಿಯನ್ನು ತಡಕುತ್ತದೆ,
ಅಕ್ಷರಕ್ಕೆ ಅಕ್ಷರ ಕೂಡುವ ತನಕ.

ಅಬ್ಬಾಗೆ ಹೇಳಿದೆ. ಗಾಂಧಿ ಬಜಾರಿನ ಓಣಿಯಲ್ಲಿ
ನಲವತ್ತು ವರ್ಷದಿಂದ ರಫೂ ಅವರ ಕಸುಬು.
ಇಲಿ ಕಡಿದ ಕೋಟೊಂದನ್ನು ತಿರುವಿ ಹಾಕಿ
ಒಳಮಡಿಕೆಯಿಂದ ಅದೇ ಬಟ್ಟೆಯ ನಾಲ್ಕು ಎಳೆ ಕಿತ್ತು ತೋರಿಸಿದರು:
"ಹೊರಗಿನ ನೂಲು ಎಷ್ಟೇ ಚೆನ್ನಾಗಿರ್ಲಿ, ಬಣ್ಣ ಹೇಳಿಬಿಡುತ್ತೆ."

ಆಮೇಲೆ ನಾನು ಎರಡು ಜೀನ್ ತೆಗೆದೆ.
ಎಂಆರ್‌ಇ ಹನ್ನೊಂದು, ರಾಡ್ ಐವತ್ತು;
ಮುರಿದ ತುದಿಗೆ ಮೊದಲು ಓಡಿಬರುವ ಜೋಡಿ.
ಅವಿಲ್ಲದಿದ್ದರೆ ಸಾವೇ. ನೋಟ್‌ಬುಕ್ಕಿನಲ್ಲಿ
'ಸತ್ತವು' ಅಂತ ಪೆನ್ಸಿಲಿನಲ್ಲಿ ಮೊದಲೇ ಬರೆದಿಟ್ಟಿದ್ದೆ,
ಹಾಗೆ ಮಾಡಬಾರದು ಅಂತ ಗೊತ್ತಿದ್ದೂ.

ಕಿರಣ ಹಾಯಿಸಿ ಕಾದೆ.
ಐದನೇ ದಿನವೂ ತಟ್ಟೆ ಬರಿದು.
ಎಂಟನೇ ದಿನ ರಾಗಿಕಾಳಿನಷ್ಟು ಕೆಂಪು, ಒಂದಲ್ಲ, ನೂರಾರು.
ಜೀನ್ ಇದ್ದವಕ್ಕಿಂತ ಹೆಚ್ಚೇ ಬದುಕಿದ್ದವು,
ಬಹಳ ತಡವಾಗಿ.

ಗೈಡು ಮತ್ತೆ ಮಾಡು ಅಂದರು. ಮಾಡಿದೆ. ಅದೇ.
ಆ ಜೋಡಿ ತಡೆಯುತ್ತಿತ್ತು, ಅಷ್ಟೇ.
ತಡೆಯುವವರಿಲ್ಲದೆ ಪ್ರತಿ ಗಾಯವೂ
ಇಪ್ಪತ್ತು ಪ್ರತಿಗಳ ನಡುವೆ ತನ್ನ ಸಾಲು ಹುಡುಕಿ ಹೊರಟು
ಸಿಕ್ಕಾಗಿ, ಸಿಕ್ಕು ಬಿಡಿಸಿಕೊಂಡು,
ಒಂದಕ್ಷರ ತಪ್ಪದೆ ಕೂಡಿಕೊಂಡು,
ಆಮೇಲೆ ತಾನೇ ಬೆಳೆಯಬೇಕು?

ಅಬ್ಬಾ ಸೂಜಿಗೆ ದಾರ ಪೋಣಿಸುತ್ತಿದ್ದರು, ಮೂರನೇ ಸಲ.
"ಬಂದದ್ದಕ್ಕೆಲ್ಲ ರಫೂ ಮಾಡ್ತಾ ಕೂತ್ರೆ ಬಟ್ಟೆ ಉಳಿಯುತ್ತೆ,
ಅಂಗಡಿ ಉಳಿಯಲ್ಲ. ಕೆಲವಕ್ಕೆ ಸುಮ್ನೆ ಟಾಕು ಹಾಕಿ ಕಳಿಸ್ಬೇಕು."
ಯಾವುದಕ್ಕೆ ಅಂತ ಹೇಗೆ ಗೊತ್ತಾಗುತ್ತೆ ಎಂದೆ.
ದಾರ ಹೊಕ್ಕಿತು. ಉತ್ತರ ಬರಲಿಲ್ಲ.

ಪೆನ್ಸಿಲಿನ ಸಾಲು ಅಳಿಸಿಲ್ಲ.
ಅದರ ಪಕ್ಕ ಪೆನ್ನಿನಲ್ಲಿ: 'ತಡ.'

ದುಗ್ಗಮ್ಮ ಇನ್ನೊಂದು ಚೀಲ ಎತ್ತಿಟ್ಟಿದ್ದಾಳಂತೆ,
ಪೂರಾ ಕೆಂಪಂತೆ.
ಈ ಸಲ ದುಡ್ಡು ಕೇಳಿದ್ದಾಳೆ.