ಮುನ್ನೂರ ಹದಿನೇಳರ ಹಾಜರಿ

ಪುಂತಾ ಅರೇನಾಸಿನಲ್ಲಿ ಗಾಳಿ ಹುಚ್ಚೆದ್ದ ದಿನ
ಚೌಕ ದಾಟುವವರು ಹಿಡಿದುಕೊಳ್ಳಲೆಂದು ಹಗ್ಗ ಕಟ್ಟುತ್ತಾರೆ.
ಇವತ್ತು ಕಟ್ಟಿದ್ದರು. ಯಾಸ್ನಾ ಅದನ್ನೇ ಹಿಡಿದು
ಆಸ್ಪತ್ರೆಯ ನೆಲಮಾಳಿಗೆಗೆ, ನನ್ನ ರಾತ್ರಿಪಾಳಿಗೆ
ಮೊದಲ ಸಲ ಬಂದಳು. ಕೂದಲ ತುಂಬ ಮರಳು.

ಕೂರು ಅಂದೆ. ಇದು ಸರ್ವರ್, ಇದು ಹೀಟರ್.
ಕೆಟಲನ್ನು ಮಾತ್ರ ಸರ್ವರಿನ ಪ್ಲಗ್ಗಿಗೆ ಹಾಕಬೇಡ,
ಹೋದ ವರ್ಷ ಹೆರಿಗೆ ವಾರ್ಡಿಗೆ ವಾರ್ಡೇ ಮೂಕಾಯಿತು.

ಆಮೇಲೆ ಹೇಳಿದೆ:
ಈ ಕಟ್ಟಡದಲ್ಲಿ ಇನ್ನೂರ ಆರು ಫೋನುಗಳಿವೆ.
ಯಾವುದು ಎಲ್ಲಿದೆಯೋ ನನಗೆ ಗೊತ್ತಿಲ್ಲ,
ಸರ್ವರಿಗೂ ಗೊತ್ತಿಲ್ಲ.
ಅವೇ ಬಂದು ಹೇಳಬೇಕು: ನನ್ನ ಹೆಸರಿದು,
ಸದ್ಯಕ್ಕೆ ನಾನಿರುವ ಜಾಗವಿದು,
ಯಾರಾದರೂ ಕೇಳಿಕೊಂಡು ಬಂದರೆ ಇಲ್ಲಿಗೆ ಕಳಿಸು.
ಹೆಸರು ಗೋಡೆಗೆ ಹೊಡೆದ ಮೊಳೆ,
ಜಾಗ ಅದಕ್ಕೆ ತೂಗುಹಾಕಿದ ಕೋಟು.

ಹೇಳಿದ ಕೂಡಲೇ ನಂಬಿಬಿಡುತ್ತದಾ?
ಇಲ್ಲ. ಮೊದಲು ಎಲ್ಲರಿಗೂ ಇಲ್ಲವೆನ್ನುತ್ತದೆ.
ನಾನೂರ ಒಂದು: ನೀನು ಯಾರೋ ನಾನರಿಯೆ.
ಅಂದು, ಅಂಗೈಗೆ ಒಂದು ಹಿಡಿ ಅಕ್ಷರ ಹಾಕುತ್ತದೆ,
ಅರ್ಥವಿಲ್ಲದ್ದು, ಈ ಗಳಿಗೆಗಷ್ಟೇ ಹುಟ್ಟಿದ್ದು.
ಫೋನು ಅದನ್ನು ತನ್ನ ಗುಟ್ಟಿನ ಜೊತೆ ಅರೆದು
ಹಿಟ್ಟನ್ನಷ್ಟೇ ತಂದೊಪ್ಪಿಸುತ್ತದೆ.
ಗುಟ್ಟು ಹೊಸ್ತಿಲು ದಾಟುವುದಿಲ್ಲ.
ಇತ್ತ ಇದೂ ತನ್ನಲ್ಲಿರುವ ಗುಟ್ಟನ್ನು ಹಾಗೇ ಅರೆದು ನೋಡುತ್ತದೆ;
ಎರಡೂ ಹಿಟ್ಟು ಒಂದೇ ಆದರೆ
ಇನ್ನೂರು. ಸರಿ. ಒಂದು ಗಂಟೆ ಇರು.

ಬರೀ ಒಂದು ಗಂಟೆಯಾ, ಅಂದಳು ಯಾಸ್ನಾ.

ಇಲ್ಲಿ ಯಾರನ್ನೂ ಅದಕ್ಕಿಂತ ಹೆಚ್ಚು ಹೊತ್ತು ನಂಬುವುದಿಲ್ಲ.
ಗಂಟೆ ತುಂಬುವ ಮೊದಲೇ ಮತ್ತೆ ಬಂದು
ಇದ್ದೇನೆ ಅನ್ನಬೇಕು. ಅನ್ನದಿದ್ದರೆ
ಯಾರೂ ಬಯ್ಯುವುದಿಲ್ಲ, ಯಾರೂ ಹುಡುಕುವುದಿಲ್ಲ.
ಒಂದು ಸಾಲು ಅಳಿಸಿಹೋಗುತ್ತದೆ, ಅಷ್ಟೇ.

ಅವಳು ಪರದೆಯ ಮೇಲೆ ಬೆರಳಿಟ್ಟಳು.
ಮುನ್ನೂರ ಹದಿನೇಳು.
ಮೂರನೇ ಮಹಡಿ ಮುಚ್ಚಿದೆ ಅಂದಿರಲ್ಲ?

ಮುಚ್ಚಿದೆ. ಮಾರ್ಚಿನಿಂದ. ಮಂಚಗಳನ್ನೂ ಸಾಗಿಸಿದರು.
ಅದು ನರ್ಸ್ ಹೆರ್ಮಿಂಡಾ ಒಯಾರ್ಸೊ ಮೇಜಿನ ಫೋನು.
ಅವಳು ಜಲಸಂಧಿಯಾಚೆ ಪೊರ್ವೆನಿರಿಗೆ, ತಂಗಿಯ ಮನೆಗೆ ಹೋದಳು,
ಎಲ್ಲರಿಗೂ ಕೇಕು ಕೊಟ್ಟಳು.
ಫೋನಿಗೆ ಹೇಳಿ ಹೋಗಲಿಲ್ಲ.
ಅಂದಿನಿಂದ ಅದು ಹನ್ನೆರಡು ಸಾವಿರ ಚಿಲ್ಲರೆ ಸಲ ಬಂದಿದೆ,
ಅದರಲ್ಲಿ ಅರ್ಧ ಸಲ ಇಲ್ಲವೆನ್ನಿಸಿಕೊಂಡು.

ತೆಗೆದುಬಿಡೋಣವಾ?
ಸಾಲು ಅಳಿಸಬಹುದು, ಐವತ್ತು ನಿಮಿಷಕ್ಕೆ ಮತ್ತೆ ಬಾಗಿಲು ಬಡಿಯುತ್ತದೆ.
ಹೊರಡುವವರು ತಾವೇ ಹೇಳಿ ಹೊರಡಬೇಕು:
ಅದೇ ಮಾತು, ಅದೇ ಹೆಸರು, ಗಂಟೆಯ ಜಾಗದಲ್ಲಿ ಸೊನ್ನೆ.
ಅದಕ್ಕೆ ಯಾರಾದರೂ ಮೇಲೆ ಹತ್ತಿ ಹೋಗಬೇಕು.
ನನಗೆ ಮಂಡಿನೋವು.

ಯಾಸ್ನಾ ಮೂರು ಅಂಕಿ ಒತ್ತಿದಳು.
ಸರ್ವರ್ ಮೊಳೆ ತಡವಿತು, ಕೋಟು ಸಿಕ್ಕಿತು,
ತಲೆಯ ಮೇಲೆ ಮೂರು ಮಹಡಿಯಾಚೆ
ಖಾಲಿ ಕೋಣೆಯಲ್ಲಿ ಗಂಟೆ ಬಾರಿಸುತ್ತಿರುವುದನ್ನು
ಇಬ್ಬರೂ ಕಿವಿಗೊಟ್ಟು ಕೇಳಿದೆವು.
ಐದು. ಆರು.
ಏಳನೆಯದಕ್ಕೆ ಯಾರೋ ಎತ್ತಿದರು.

ಏದುಸಿರು. ಆಮೇಲೆ ಹೈಟಿಯ ರಾಗದ ಸ್ಪ್ಯಾನಿಷ್:
ಇಲ್ಲಿ ಯಾರೂ ಇಲ್ಲ.

ಇಲ್ಲ ಅನ್ನುತ್ತಿರುವ ನೀವು?
ತುಸು ಸುಮ್ಮನಿದ್ದು: ಮಿರ್ಲಾಂದ್. ನೆಲ ಒರೆಸುವವಳು.
ಈ ಕೋಣೆಯ ಹೀಟರು ಯಾಕೋ ಇನ್ನೂ ಬಿಸಿಯಿದೆ,
ಊಟದ ಡಬ್ಬಿ ತಂದು ಕೂರುತ್ತೇನೆ.
ಅರ್ಧ ಗಂಟೆ. ಅಷ್ಟೇ. ಬರೆದುಕೊಳ್ಳಬೇಡಿ.

ಯಾಸ್ನಾ ನನ್ನ ಮುಖ ನೋಡಿದಳು.
ನಾನು ಹೇಳಿಕೊಡದ್ದನ್ನು ಹೇಳಿದಳು:
ಸರಿ. ಇರಿ. ಒಂದು ಗಂಟೆ ಇರಿ.

ಫೋನಿಟ್ಟಳು. ಗಾಳಿ ಕೆಳಗಿನ ಕಿಟಕಿಯನ್ನೂ ಬಿಡಲಿಲ್ಲ.
ಅಷ್ಟರಲ್ಲಿ ಪರದೆಯ ಮೇಲೆ
ಮುನ್ನೂರ ಹದಿನೇಳು ಬಂದಿತು,
ಇಲ್ಲವೆನ್ನಿಸಿಕೊಂಡಿತು,
ಮತ್ತೆ ಬಂದಿತು.