ಎರಡು ನೀಲಿ ಹಾಳೆ

ಚಿತ್ರಕಲೆ ಕೋಣೆಯ ಮಾಡನ್ನು ಗಾಳಿ ಹೊತ್ತೊಯ್ದ ಮೇಲೆ
ಮಿಲೆಂಕಾ ಓಸ್ತೊಯಿಚ್ ಡಬ್ಬಿ, ಕುಂಚ, ಹಗ್ಗದ ಸಮೇತ
ನನ್ನ ಪ್ರಯೋಗಾಲಯಕ್ಕೆ ಬಂದು ಬಿಡಾರ ಹೂಡಿದಳು.
ಪುಂತಾ ಅರೇನಾಸ್‌ನಲ್ಲಿ ಇದೇನು ಹೊಸತಲ್ಲ,
ಇಲ್ಲಿಯ ಗಾಳಿ ಕೇಳಿ ಒಯ್ಯುವುದಿಲ್ಲ.
ನಾನು ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ.
ಈಚೆ ವಿಜ್ಞಾನ.
ಆಚೆ, ನಿನ್ನದೇನೋ ಅದು.

ಹಿಂದಿನ ವರ್ಷ ಅವಳ ಪ್ರದರ್ಶನಕ್ಕೆ ಹೋಗಿದ್ದೆ.
ಮುಳ್ಳುತಂತಿಗೆ ಸಿಕ್ಕಿ ಹರಿದ ನಲವತ್ತು ಪ್ಲಾಸ್ಟಿಕ್ ಚೀಲ,
ಒಂದೊಂದರ ಕೆಳಗೂ ತಾರೀಕು, ಗಾಳಿಯ ವೇಗ.
ಇದು ಬರೀ ದತ್ತಾಂಶವಲ್ಲವೇ, ಅಂದಿದ್ದೆ ಮೂಗು ಮುರಿದು.
ಹೌದಲ್ಲ, ಅದಕ್ಕೇ ತೂಗುಹಾಕಿದ್ದು, ಅಂದಿದ್ದಳು.

ಅಕ್ಟೋಬರಿನಲ್ಲಿ ನಮ್ಮ ನೆತ್ತಿಯ ಮೇಲಿನ ಓಝೋನ್
ಸವೆದ ಸ್ವೆಟರಿನ ಮೊಣಕೈ.
ಚಳಿಯಲ್ಲಿ ಹಲ್ಲು ಕಟಕಟಿಸುವಾಗಲೇ ಚರ್ಮ ಸುಡುತ್ತದೆ.
ಪಾಠ ಮಾಡುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು.
ಗೆರೆಯಾಚೆಯಿಂದ ಅವಳು ಕೇಳಿದಳು
ನಿನ್ನ ಬೀರುವಿನಲ್ಲಿ ಕಬ್ಬಿಣದ ಲವಣ ಎಷ್ಟಿದೆ?

ಹಸಿರುಹಳದಿ ದ್ರಾವಣ ಬಳಿದ ಹಾಳೆ.
ಬಿಸಿಲು ತಾಕಿದಲ್ಲಿ ನೀಲಿ, ತಾಕದಲ್ಲಿ
ನೀರಿಗೆ ಹಿಡಿದರೆ ಬಿಳಿ.
ಮನೆಯಲ್ಲಿ ಹಚ್ಚಿಕೊಳ್ಳುವ ಕ್ರೀಮನ್ನೇ ಅಂಗೈಗೆ ಬಳಿದು
ಮನೆಯವರು ಯಾರಾದರೂ ಒಂದು ಗಾಜಿಗೆ ಒತ್ತಬೇಕು,
ಗಾಜನ್ನು ಹಾಳೆಯ ಮೇಲಿಟ್ಟು ಅಂಗಳಕ್ಕೆ ಒಯ್ಯಬೇಕು.
ಎಂಟು ನಿಮಿಷ, ಅಂದೆ ನಾನು.
ಸಾಕೆನಿಸುವವರೆಗೆ, ಅಂದಳು ಅವಳು.
ಜಗಳವಾಡಿ ಎಂಟಕ್ಕೇ ನಿಂತೆವು.

ಯನಾರಾ ನಾವೆಲ್‌ಕಿನ್ ತನ್ನ ಗಾಜನ್ನು
ಸ್ವೆಟರಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು.
ಅವಳ ತಾಯಿ ಕಡಲ ಕಳೆ ಕೀಳುವವಳು,
ದಿನವಿಡೀ ಬಗ್ಗಿದ ಬೆನ್ನು, ನೀರಿನ ಮಿಂಚಿಗೆ ಒಡ್ಡಿದ ಮುಖ.
ಕ್ರೀಮು ಸಂತೆಯಲ್ಲಿ ಬಿಡಿಯಾಗಿ ಕೊಂಡದ್ದು.
ಡಬ್ಬಿಗೆ ಹೆಸರಿಲ್ಲ, ತಾರೀಕಿಲ್ಲ.

ಇಪ್ಪತ್ತೆರಡು ಅಂಗೈಗಳು ಬಕೆಟ್ಟಿನ ನೀರಿನಲ್ಲಿ
ಒಂದೊಂದಾಗಿ ಬಿಳಿಯಾಗಿ ಎದ್ದವು.
ಅಜ್ಜನ ಮೊಂಡು ಬೆರಳು, ಅಕ್ಕನ ಉಂಗುರದ ಜಾಗ.
ಮಕ್ಕಳು ಕುಣಿದರು.
ಎರಡು ಹಾಳೆ ಮಾತ್ರ ಅಂಚಿನಿಂದ ಅಂಚಿಗೆ ನೀಲಿ.
ಒಂದು, ಹೋಲಿಕೆಗೆಂದು ನಾನೇ ಇಟ್ಟ ಖಾಲಿ ಗಾಜಿನದು.
ಇನ್ನೊಂದು

ಯಾರೂ ಮಾತಾಡಲಿಲ್ಲ.
ಅಮ್ಮ ಆರು ವರ್ಷದಿಂದ ಇದನ್ನೇ ಹಚ್ಚುತ್ತಾಳೆ, ಅಂದಳು ಯನಾರಾ,
ಯಾರದೋ ಸುದ್ದಿ ಓದುವಂತೆ.

ಹಿಂದೆ ಪೆನ್ಸಿಲಿನಲ್ಲಿ ಬರೆದ ಅಂಕಿ ಹುಡುಕಿದೆ.
ನೀರಿನಲ್ಲಿ ಉಜ್ಜಿಹೋಗಿತ್ತು, ಎರಡರದ್ದೂ.
ಯಾವುದು ಏನೂ ಇಲ್ಲದ್ದು, ಯಾವುದು ಅವಳ ತಾಯಿ?
ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ
ಗುರುತು ಹಾಕದ ಮಾದರಿ ಮಾದರಿಯೇ ಅಲ್ಲ ಎಂದು.
ಎಸೆಯಲು ಕೈ ಎತ್ತಿದೆ.
ಮಿಲೆಂಕಾ ಗೆರೆ ದಾಟಿ ಬಂದು ಎರಡನ್ನೂ ಕಿತ್ತುಕೊಂಡು
ಹಗ್ಗಕ್ಕೆ ಸಿಕ್ಕಿಸಿದಳು, ಬಿಳಿ ಕೈಗಳ ಸಾಲಿನ ನಡುವೆ.

ಪೋಷಕರ ದಿನ ಆ ತಾಯಿ ತಡವಾಗಿ ಬಂದಳು,
ರಬ್ಬರಿನ ಬೂಟಿನಲ್ಲೇ, ಉಪ್ಪು ವಾಸನೆಯ ಜೊತೆ.
ನಾನು ಕಲಿತಿಟ್ಟುಕೊಂಡ ಮಾತು, ಬರೆದಿಟ್ಟ ಒಳ್ಳೆಯ ಕ್ರೀಮಿನ ಹೆಸರು,
ಎಲ್ಲ ಜೇಬಿನಲ್ಲೇ ಉಳಿಯಿತು.
ನನ್ನದೆಲ್ಲಿ? ಅಂದಳು ಮಗಳಿಗೆ.
ಯನಾರಾ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.
ಅಷ್ಟರಲ್ಲಿ ಅವಳೇ ಎಡಗಡೆಯ ನೀಲಿಗೆ ಅಂಗೈ ಇಟ್ಟು
ಇದು, ಅಂದಳು.
ನೀರೊಳಗೆ ಕೈ ಬಿಟ್ಟರೆ ನನಗೆ ಹೀಗೇ ಕಾಣೋದು.

ಪುರಾವೆ ಇಲ್ಲ. ಐವತ್ತಕ್ಕೆ ಐವತ್ತು, ತಪ್ಪಿರಲೂಬಹುದು.
ಜೇಬಿನ ಚೀಟಿ ಕೊಟ್ಟೆ; ಬೆಲೆ ಎಷ್ಟು ಅಂತ ಕೇಳಿ
ಮಡಚಿ ಬೂಟಿನೊಳಗೆ ಇಟ್ಟುಕೊಂಡಳು.

ಮಾರ್ಚಿಗೆ ಹೊಸ ಮಾಡು ಬಂತು, ಮಿಲೆಂಕಾ ಹೋದಳು.
ಗೆರೆ ಯಾವಾಗ ಅಳಿಸಿತೋ ಗಮನಿಸಲಿಲ್ಲ.
ಅಂಕಪಟ್ಟಿಯಲ್ಲಿ ಯನಾರಾಳ ಸಾಲು ಇನ್ನೂ ಖಾಲಿ,
ಕಚೇರಿಯಿಂದ ಎರಡು ಸಲ ಜ್ಞಾಪನ ಬಂದಿದೆ.
ಎಡಗಡೆಯ ಹಾಳೆ ನನ್ನ ಬೀರುವಿನಲ್ಲಿದೆ, ಲವಣದ ಬಾಟಲಿಯ ಪಕ್ಕ.
ಗುರುತು ಹಾಕಿಲ್ಲ.