ಗಾಳಿಯ ಕೋಣೆ

ಹುಮನಾಬಾದಿನ ಹಳೇ ಅಡತಿ ಸಾಲಿನಲ್ಲಿ
ಗೌಸಬಿಯ ಮೊಟ್ಟೆ ಗೋದಾಮಿಗೆ ಕಿಟಕಿ ಇರಲಿಲ್ಲ.
ಇದ್ದ ಒಂದಕ್ಕೂ ಆಕೆಯೇ ಗೋಣಿತಟ್ಟು ಬಡಿಸಿದ್ದಳು.
ಡಾಲ್ಡಾ ಡಬ್ಬಿ, ಅದರ ಹೊಟ್ಟೆಯಲ್ಲಿ ಅರವತ್ತರ ಬಲ್ಬು,
ಬದಿಗೆ ಎಂಟಾಣೆಯಗಲ ಒಂದು ತೂತು.
ಅಷ್ಟೇ ಬೆಳಕು ಆ ಲೋಕಕ್ಕೆ.

"ದಪ್ಪ ತುದಿ ಮ್ಯಾಲ ಮಾಡು, ಹಿಂಗ.
ಈಗ ಮಣಿಕಟ್ಟು ತಿರುವು. ಮೊಟ್ಟಿ ಅಲ್ಲ, ಮಣಿಕಟ್ಟು."
ತಿರುವಿದೆ.
ಒಳಗೆ ನೆರಳೊಂದು ಹೊರಳಿತು.
ತಡವಾಗಿ, ಸೋಮಾರಿಯಾಗಿ ಹೊರಳಿದರೆ ತಾಜಾ,
ಕರೆದ ಕೂಡಲೇ ಓಡಿಬಂದರೆ ಹಳೆಯದು.
ಮಕ್ಕಳಲ್ಲಿ ಇದು ತಿರುಗಾಮುರುಗಾ ಅಂದೆ.
ಆಕೆ ನಗಲಿಲ್ಲ.

ಮೇಲೆ, ಸಿಪ್ಪೆಗೂ ಬಿಳಿಗೂ ನಡುವೆ,
ಗಾಳಿಯದೊಂದು ಪುಟ್ಟ ಕೋಣೆ.
ಪುಸ್ತಕ ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತದೆ, ಗೌಸಬಿ ಕಾಳಿನಲ್ಲಿ:
ತೊಗರಿಯಷ್ಟು ಆಳವಿದ್ದರೆ ಒಂದನೆಯದು,
ಕಡಲೆಯಷ್ಟಾದರೆ ಎರಡು, ಅದಕ್ಕೂ ಮಿಕ್ಕಿದರೆ
ಬಸ್ ಸ್ಟ್ಯಾಂಡಿನ ಆಮ್ಲೆಟ್ ಗಾಡಿಗೆ.
ರಕ್ತದ ಚುಕ್ಕೆ ಕಂಡದ್ದಕ್ಕೆ ಬೇರೆ ಬುಟ್ಟಿ.
ಬಿರುಕಿನ ಅನುಮಾನ ಬಂದರೆ ಕಿವಿಯ ಹತ್ತಿರ ಎರಡನ್ನು ತಾಗಿಸು:
ಗಟ್ಟಿಯದು ಗಾಜಿನ ಬಳೆ,
ಬಿರಿದದ್ದು ಸೋರುವ ಮಡಕೆ.

ದಿನವೂ ಆ ಕೋಣೆ ದೊಡ್ಡದಾಗುತ್ತದೆ,
ಯಾರೂ ಮುಟ್ಟದಿದ್ದರೂ, ತಟ್ಟೆಯಲ್ಲಿ ಸುಮ್ಮನೆ ಕೂತಿದ್ದರೂ.
ಮೇ ತಿಂಗಳಲ್ಲಿ ಬೆಳಿಗ್ಗೆ ಒಂದರಲ್ಲಿದ್ದದ್ದು
ಅಸರ್ ನಮಾಜಿನ ಹೊತ್ತಿಗೆ ಎರಡಕ್ಕೆ ಬಂದಿರುತ್ತಿತ್ತು.
"ಇಳದದ್ದು ನೋಡೀನಿ ಬೇಟಾ, ಏರಿದ್ದು ಒಂದೂ ನೋಡಿಲ್ಲ."

ಈಗ ನಾನು ಕಲಬುರಗಿಯ ಡೇರಿಯಲ್ಲಿ ಬೆಣ್ಣೆ ನೋಡುತ್ತೇನೆ.
ಕೆಲಸದ ದಿನ ಉಳ್ಳಾಗಡ್ಡಿ ಇಲ್ಲ, ಮಲ್ಲಿಗೆ ಇಲ್ಲ,
ಚಹಾಕ್ಕೆ ಯಾಲಕ್ಕಿ ಇಲ್ಲ.
ಟೊಳ್ಳು ಉಕ್ಕಿನ ಸಲಾಕೆ ಪೆಟ್ಟಿಗೆಯ ಎದೆಗೆ ಇಳಿಸಿ
ಅರ್ಧ ಸುತ್ತು ತಿರುವಿ (ಮತ್ತೆ ಮಣಿಕಟ್ಟು) ಎಳೆದರೆ
ಬರುತ್ತದೆ ಉದ್ದನೆಯ ಬೆಣ್ಣೆಯ ಕಡ್ಡಿ.
ಮೊದಲು ಮೂಗು.
ಗಾಳಿಗೆ ಬಿದ್ದ ಮೊದಲ ಉಸಿರಲ್ಲಿ ಅದು ಸುಳ್ಳು ಹೇಳಲಾರದು.
ಆಮೇಲೆ ಕಣ್ಣು: ಬೆನ್ನ ಮೇಲೆ ನೀರು ಬೆವರಿದೆಯೇ,
ಬಣ್ಣ ಗೆರೆಗೆರೆಯಾಗಿದೆಯೇ.
ಕಡೆಗೆ ನಾಲಿಗೆ. ಕರಗಿಸಿ, ಉಗುಳಿ,
ಉಗುರುಬೆಚ್ಚನೆ ನೀರಲ್ಲಿ ಮುಕ್ಕಳಿಸಿ ಮುಂದಿನದು.
ನೂರು ಅಂಕ ಮೊದಲೇ ಕೊಟ್ಟಿರುತ್ತಾರೆ.
ನನ್ನ ಕೆಲಸ ಕಳೆಯುವುದು.

ಪುಷ್ಯದಲ್ಲಿ ಚಿತ್ತಾಪುರದ ಕಡೆಯ ಕೆನೆಯದು, ಹನ್ನೊಂದು ಪೆಟ್ಟಿಗೆ.
ಸಲಾಕೆ ಎಳೆದೆ.
ತೊಗರಿ ಹೊಟ್ಟು.
ರಾಶಿ ಮುಗಿದ ಹೊಲ, ಬಣವಿಯ ಬುಡದಲ್ಲಿ ನಿಂತ ಎಮ್ಮೆ,
ಚಳಿಗೆ ಹಬೆಯಾಡುವ ಅದರ ಮೂಗು.
ನನ್ನ ಬಾಯಲ್ಲಿ ನೀರೂರಿತು, ಊರಬಾರದು.
ಪಟ್ಟಿಯಲ್ಲಿ ಇದಕ್ಕೆ ಹೆಸರಿದೆ: ಮೇವಿನ ವಾಸನೆ. ಕಳೆ ಆರು.
"ಮೇಡಂ, ಮತ್ತೊಮ್ಮಿ ನೋಡ್ತೀರೇನ್ರಿ?" ಅಂದ
ಪಕ್ಕದ ಮೇಜಿನ ಶಿವಲಿಂಗಪ್ಪ.
ನೋಡಿದೆ. ಎರಡನೆಯ ಸಲದ್ದು ದರ್ಜೆಗಲ್ಲ ಅಂತ
ಇಬ್ಬರಿಗೂ ಗೊತ್ತಿತ್ತು.
ಆರು ಕಳೆದೆ. ಎರಡನೇ ದರ್ಜೆಯ ನೀಲಿ ಮುದ್ರೆ, ಹನ್ನೊಂದು ಸಲ.
ಉಗುಳಲಿಲ್ಲ.
ಅದನ್ನು ಎಲ್ಲೂ ಬರೆಯಲಿಲ್ಲ.

ಬಿರಿದ ಮೊಟ್ಟೆಯೇ ನನ್ನ ಕೂಲಿ: ಆರು, ಕೆಲವು ದಿನ ಎಂಟು.
ಅವ್ವ ಹಸಿಮೆಣಸಿನಕಾಯಿ ಕುಟ್ಟಿ ಹಾಕಿ ಹಂಚಿನ ಮೇಲೆ ಸುರಿಯುತ್ತಿದ್ದಳು.
ಜೋಳದ ರೊಟ್ಟಿ ಮಡಚಿ ತಿಂದ ನಾವು ಐದು ಮಂದಿ
ಎಷ್ಟನೇ ದರ್ಜೆ ಎಂದು ಕೇಳಿದ ನೆನಪಿಲ್ಲ.

ಒಂದು ಸಂಜೆ, ತಟ್ಟೆಗಳೆಲ್ಲ ಮುಗಿದ ಮೇಲೆ,
ಡಬ್ಬಿಯ ತೂತಿಗೆ ನನ್ನ ಅಂಗೈ ಒತ್ತಿ ಹಿಡಿದೆ.
ಬೆರಳ ಸಂದುಗಳು ಕೆಂಪಗೆ ಹೊತ್ತಿಕೊಂಡವು.
ಎಲುಬು ಕಾಣಲಿಲ್ಲ.
"ಖಾಲಾ, ಇದು ಎಷ್ಟನೇದು?"
ಗೌಸಬಿ ಬಗ್ಗಿ, ಕಣ್ಣು ಕಿರಿದು ಮಾಡಿ, ನಿಜಕ್ಕೂ ನೋಡಿದಳು.
ಮಣಿಕಟ್ಟು ಹಿಡಿದು ಒಮ್ಮೆ ತಿರುವಿದಳು ಕೂಡ.
"ಮೊದ್ಲ ತೊಳಕೊಂಡ್ ಬಾ," ಅಂದಳು,
ಬಲ್ಬು ಆರಿಸುತ್ತ.